ಬರೆಯುವವರೂ ನೀವೇ, ಶೂಟ್ ಮಾಡುವವರೂ ನೀವೇ: ಎರಡನ್ನೂ ನಡೆಸಿಕೊಂಡು ಹೋಗುವುದು ಹೇಗೆ

ಸ್ವಂತವಾಗಿ ಕಿರುಚಿತ್ರ ಮಾಡುವವರ ಬರವಣಿಗೆ ನಿಂತುಹೋಗುವುದು ಸೋಮಾರಿತನದಿಂದಲ್ಲ, ಶೂಟಿಂಗ್‌ನಿಂದ. ಒಂದು ಸ್ಕ್ರಿಪ್ಟ್ ಮುಗಿಯಿತು, ಇನ್ನು ತೆಗೆದೇಬಿಡೋಣ ಅಂತ ಹೊರಟರೆ ಲೊಕೇಶನ್ ಹುಡುಕಬೇಕು, ನಟರ ಡೇಟ್ ಹೊಂದಿಸಬೇಕು, ಕ್ಯಾಮೆರಾ ಬಾಡಿಗೆಗೆ ತರಬೇಕು, ಎಲ್ಲರ ಊಟ ನೋಡಿಕೊಳ್ಳಬೇಕು, ಆಮೇಲೆ ಎಡಿಟಿಂಗ್, ಸೌಂಡ್, ಕಲರ್, ಅದೂ ಮುಗಿದರೆ ಫೆಸ್ಟಿವಲ್‌ಗಳಿಗೆ ಕಳಿಸುವ ಕೆಲಸ. ಅಷ್ಟರಲ್ಲಿ ಹೊಸದಾಗಿ ಒಂದು ಸಾಲೂ ಬರೆಯದೆ ತಿಂಗಳುಗಳೇ ಕಳೆದಿರುತ್ತವೆ. ಚಿತ್ರ ನೋಡಿ ಇಷ್ಟಪಟ್ಟವರು "ಮುಂದೇನು ಮಾಡ್ತಿದ್ದೀರಿ?" ಎಂದು ಕೇಳಿದಾಗ ಕೈಯಲ್ಲಿ ಏನೂ ಇರುವುದಿಲ್ಲ. ಆ ಪ್ರಶ್ನೆ ಬರುವ ದಿನ ನಿಮ್ಮ ಹತ್ತಿರ ಒಂದು ಸ್ಕ್ರಿಪ್ಟ್ ಇರಲೇಬೇಕು. ಈ ಬರಹ ಅದಕ್ಕಾಗಿ.

ನಾನು ಎಲ್ಲರಿಗೂ ಹೇಳುವುದು ಒಂದೇ. ಯಾವಾಗಲೂ ಎರಡು ಪ್ರಾಜೆಕ್ಟ್ ಇಟ್ಟುಕೊಳ್ಳಿ, ಆದರೆ ಎರಡೂ ಒಂದೇ ಹಂತದಲ್ಲಿ ಇರಬಾರದು. ಒಂದು ಎಡಿಟಿಂಗ್‌ನಲ್ಲಿದ್ದಾಗ ಇನ್ನೊಂದು ಬರವಣಿಗೆಯಲ್ಲಿ ಇರಲಿ. ಎರಡನ್ನೂ ಒಟ್ಟಿಗೆ ಬರೆಯುವುದು, ಎರಡನ್ನೂ ಒಟ್ಟಿಗೆ ಶೂಟಿಂಗ್‌ಗೆ ಸಿದ್ಧ ಮಾಡುವುದು ಬೇಡ.

ಮೊದಲ ಡ್ರಾಫ್ಟ್‌ನಲ್ಲಿ ಖರ್ಚಿನ ಲೆಕ್ಕ ಬೇಡ

ಬರೆಯುವವರೇ ನಿರ್ಮಾಪಕರೂ ಆದಾಗ ಒಂದು ತೊಂದರೆ ಇದೆ. ಸೀನ್ ಇನ್ನೂ ತಲೆಯಲ್ಲಿ ಮೂಡುವ ಮೊದಲೇ "ಇದಕ್ಕೆ ಪರ್ಮಿಶನ್ ಸಿಗುತ್ತಾ, ಅಷ್ಟು ಜನ ಎಲ್ಲಿಂದ ತರೋದು" ಎಂಬ ಲೆಕ್ಕ ಶುರುವಾಗುತ್ತದೆ. ಹಾಗೆ ಬರೆದ ಸ್ಕ್ರಿಪ್ಟ್‌ನಲ್ಲಿ ಇಬ್ಬರು ಒಂದು ಕೋಣೆಯಲ್ಲಿ ಕೂತು ಮಾತಾಡುತ್ತಲೇ ಇರುತ್ತಾರೆ. ಇಬ್ಬರು ಒಂದೇ ಕೋಣೆಯಲ್ಲಿ ಇರುವ ಒಳ್ಳೆಯ ಚಿತ್ರಗಳು ಖಂಡಿತ ಇವೆ, ಆದರೆ ಅಲ್ಲಿ ಕಥೆಗೇ ಆ ಕೋಣೆ ಬೇಕಿತ್ತು. ಹಾಗಾಗಿ ಮೊದಲ ಡ್ರಾಫ್ಟ್‌ನಲ್ಲಿ ಮಳೆ ಬೇಕಾ, ಮಳೆ ಬರಲಿ. ರೈಲು ಬೇಕಾ, ಬರೆಯಿರಿ.

ಲೆಕ್ಕ ಬರುವುದು ಎರಡನೇ ಡ್ರಾಫ್ಟ್‌ಗೆ. ಆಗ ಸುಮ್ನೆ ಓದಬೇಡಿ, ಪೆನ್ ಹಿಡಿದು ಬ್ರೇಕ್‌ಡೌನ್ ಮಾಡಿ. ಪ್ರತಿ ಸೀನ್‌ಗೂ ಯಾವ ಜಾಗ, ಹಗಲೋ ರಾತ್ರಿಯೋ, ಯಾರ್ಯಾರು ಇದ್ದಾರೆ, ಯಾವ ವಸ್ತು, ಯಾವ ಬಟ್ಟೆ ಬೇಕು ಎಂದು ಬರೆದುಕೊಳ್ಳಿ. ಸೀನ್‌ನ ಉದ್ದವನ್ನು ಪುಟದ ಎಂಟನೇ ಭಾಗಗಳಲ್ಲಿ ಅಳೆಯುವ ರೂಢಿ ಇದೆ. ಅರ್ಧ ಪುಟ ಅಂದರೆ 4/8. ಕೇಳಲು ವಿಚಿತ್ರ ಅನಿಸುತ್ತದೆ, ಆದರೆ ಒಂದು ದಿನದಲ್ಲಿ ಎಷ್ಟು ಮುಗಿಯುತ್ತದೆ ಎಂದು ಕೂಡಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಕೊರಿಯರ್ ಎಂಬ ಫಾಂಟ್‌ನ 12 ಪಾಯಿಂಟ್ ಅಕ್ಷರದಲ್ಲಿ ಸ್ಟ್ಯಾಂಡರ್ಡ್ ಫಾರ್ಮ್ಯಾಟ್‌ನಲ್ಲಿ ಬರೆದರೆ ಒಂದು ಪುಟಕ್ಕೆ ಪರದೆಯ ಮೇಲೆ ಸುಮಾರು 1 ನಿಮಿಷ ಎಂಬ ಅಂದಾಜೂ ಇಂಗ್ಲಿಷ್ ಸ್ಕ್ರಿಪ್ಟ್‌ಗಳಿಂದ ಬಂದದ್ದು. ಬೇರೆ ಭಾಷೆಯಲ್ಲಿ ಬರೆಯುವವರು, ಮಾತು ಕಡಿಮೆ ಇರುವ ಚಿತ್ರ ಬರೆಯುವವರು ಇದನ್ನು ಕಣ್ಣುಮುಚ್ಚಿ ನಂಬಬೇಡಿ. ಸ್ಟಾಪ್‌ವಾಚ್ ಹಿಡಿದು ಪ್ರತಿ ಸೀನನ್ನೂ ಅಭಿನಯಿಸಿಕೊಂಡು ಓದಿ, ಅದೇ ನಿಮ್ಮ ನಿಜವಾದ ಉದ್ದ.

ಉದ್ದದ ಮಾತು ಬಂತಲ್ಲ, ಇದನ್ನೂ ಈಗಲೇ ತೀರ್ಮಾನಿಸಿ. ಆಸ್ಕರ್ ನಿಯಮದಲ್ಲಿ ಕಿರುಚಿತ್ರ ಅಂದರೆ ಟೈಟಲ್ ಎಲ್ಲ ಸೇರಿ 40 ನಿಮಿಷದ ಒಳಗೆ. ಕಾನ್ ಫೆಸ್ಟಿವಲ್‌ನ ಕಿರುಚಿತ್ರ ಸ್ಪರ್ಧೆಗೆ 15 ನಿಮಿಷ ಮೀರುವಂತಿಲ್ಲ. ಫೆಸ್ಟಿವಲ್‌ನವರು ಐದಾರು ಚಿತ್ರಗಳನ್ನು ಒಂದೇ ಪ್ರದರ್ಶನದಲ್ಲಿ ಜೋಡಿಸಬೇಕಿರುತ್ತದೆ, ಅಲ್ಲಿ 10 ನಿಮಿಷದ ಚಿತ್ರಕ್ಕೆ ಸಿಗುವ ಜಾಗ 28 ನಿಮಿಷದ ಚಿತ್ರಕ್ಕೆ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಬರೆದು, ತೆಗೆದು, ಮತ್ತೆ ಬರೆಯಬೇಕು ಅನ್ನುವವರಿಗೆ ಚಿಕ್ಕದೇ ಒಳ್ಳೆಯದು.

ಬ್ರೇಕ್‌ಡೌನ್ ಮುಗಿದ ಮೇಲೆ ದುಬಾರಿ ಯಾವುದು ಎಂದು ತಾನಾಗಿಯೇ ಕಾಣುತ್ತದೆ. ರಾತ್ರಿಯ ಹೊರಾಂಗಣ, ಜನಜಂಗುಳಿ, ಪ್ರಾಣಿಗಳು, ಚಲಿಸುವ ಗಾಡಿ, ಎಲ್ಲಕ್ಕಿಂತ ಜಾಸ್ತಿಯಾಗಿ ಒಂದೇ ದಿನದಲ್ಲಿ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹೋಗುವುದು, ಯಾಕೆಂದರೆ ಲೈಟ್ ಬಿಚ್ಚಿ, ಗಾಡಿಗೆ ತುಂಬಿ, ಇಳಿಸಿ, ಮತ್ತೆ ಕಟ್ಟುವಷ್ಟರಲ್ಲಿ ಅರ್ಧ ದಿನದ ಬೆಳಕು ಹೋಗಿರುತ್ತದೆ. ಈಗ ಪ್ರತಿ ದುಬಾರಿ ಸೀನ್‌ಗೂ ಕೇಳಿ: ಇದು ಕಥೆಗೆ ಏನು ಕೊಡುತ್ತದೆ? ರೈಲು ಬೇಕಿದ್ದದ್ದು ಅವಳು ಹೊರಟುಹೋದಳು ಎಂದು ಹೇಳಲು ಮಾತ್ರವಾದರೆ, ಖಾಲಿ ಕಪಾಟು ಮತ್ತು ದೂರದ ಶಿಳ್ಳೆಯ ಸದ್ದು ಸಾಕು. ರೈಲಿನೊಳಗೇ ಅವಳ ಮನಸ್ಸು ಬದಲಾಗುತ್ತದೆ ಅನ್ನುವುದಾದರೆ ರೈಲನ್ನು ಬಿಡಬೇಡಿ, ಬೇರೆ ಎರಡು ಸೀನ್ ತೆಗೆದುಹಾಕಿ ಆ ಖರ್ಚು ಹೊಂದಿಸಿ.

ಸ್ಕ್ರಿಪ್ಟ್‌ಗೆ ಒಂದು ಕೊನೆಯ ದಿನ

ನಾಲ್ಕೈದು ಜನರನ್ನು ಕೂರಿಸಿ ಗಟ್ಟಿಯಾಗಿ ಓದಿಸಿ. ನೀವು ಓದಬೇಡಿ, ನಡುವೆ ಬಾಯಿ ಹಾಕಬೇಡಿ, ವಿವರಣೆ ಕೊಡಬೇಡಿ. ಓದುವವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಮಾತು ಸರಿಯಿಲ್ಲ. ಅದನ್ನು ತಿದ್ದಿ, ಆಮೇಲೆ ಒಂದು ತಾರೀಖು ಹಾಕಿ ಸ್ಕ್ರಿಪ್ಟ್ ಲಾಕ್ ಮಾಡಿ. ಶೂಟಿಂಗ್‌ಗೆ ಮೂರು ವಾರ ಇರುವಾಗಲಾದರೂ ಲಾಕ್ ಆಗಿರಬೇಕು. ಅಲ್ಲಿಂದ ಮುಂದೆ ಬದಲಾವಣೆ ಅಂದರೆ ಜಾಗ ಕೈತಪ್ಪಿತು, ನಟ ಬದಲಾದರು, ಇಂಥ ಕಾರಣಗಳಿಗೆ ಮಾತ್ರ. "ಇನ್ನೊಂದು ಚಂದದ ಐಡಿಯಾ ಬಂತು" ಎಂಬ ಕಾರಣಕ್ಕೆ ಬೇಡ. ಆ ಐಡಿಯಾ ಮುಂದಿನ ಸ್ಕ್ರಿಪ್ಟ್‌ನ ಫೈಲ್‌ಗೆ ಹೋಗಲಿ. ದೊಡ್ಡ ನಿರ್ಮಾಣಗಳಲ್ಲಿ ತಿದ್ದಿದ ಪುಟಗಳನ್ನು ನೀಲಿ, ಗುಲಾಬಿ, ಹಳದಿ ಹೀಗೆ ಬೇರೆ ಬೇರೆ ಬಣ್ಣದ ಕಾಗದದಲ್ಲಿ ಹಂಚುತ್ತಾರೆ. ನಿಮಗೆ ಫೈಲ್ ಹೆಸರಿನಲ್ಲಿ ತಾರೀಖು ಸಾಕು, ಆದರೆ ಎಲ್ಲರ ಕೈಯಲ್ಲೂ ಒಂದೇ ಪ್ರತಿ ಇರಬೇಕು.

ಲಾಕ್ ಆದ ದಿನದಿಂದ ಶೂಟಿಂಗ್‌ವರೆಗೆ ನೀವು ಮುಖ್ಯವಾಗಿ ನಿರ್ಮಾಪಕರು. ಈ ಹೊತ್ತಿನಲ್ಲಿ ಹೊಸ ಡ್ರಾಫ್ಟ್ ಎಳೆಯಲು ಹೋದರೆ ಎರಡೂ ಕೆಡುತ್ತವೆ. ದಿನಕ್ಕೆ ಹದಿನೈದು ನಿಮಿಷ ಮುಂದಿನ ಕಥೆಯ ಬಗ್ಗೆ ಟಿಪ್ಪಣಿ ಮಾಡಿಕೊಂಡರೆ ಸಾಕು. ಪಾತ್ರ ಏನು ಬಯಸುತ್ತದೆ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಅಷ್ಟೇ.

ಸಹಾಯಕ್ಕೆ ಒಬ್ಬರೇ ಸಿಗುವುದಾದರೆ ಯಾರನ್ನು ಕರೆಯಬೇಕು? ಬಹಳ ಜನ ಎರಡನೇ ಕ್ಯಾಮೆರಾದವರನ್ನು ಕರೆಯುತ್ತಾರೆ. ನಾನಾದರೆ ಫೋನ್ ನೋಡಿಕೊಳ್ಳುವವರನ್ನು ಕರೆಯುತ್ತೇನೆ. ಯಾರು ಎಷ್ಟು ಗಂಟೆಗೆ ಬರಬೇಕು, ಕೀ ಯಾರ ಹತ್ತಿರ ಇದೆ, ಊಟ ಬಂತಾ ಅನ್ನುವುದು ನಿಮ್ಮ ತಲೆಯಿಂದ ಇಳಿದರೆ ಮಾತ್ರ ನಟರ ಮುಖ ನೋಡಲು ನಿಮಗೆ ಪುರುಸೊತ್ತು ಸಿಗುತ್ತದೆ.

ಶೆಡ್ಯೂಲ್ ಹಾಕುವಾಗ ಕಥೆಯ ಕ್ರಮ ಮರೆತು ಜಾಗದ ಕ್ರಮ ಹಿಡಿಯಿರಿ. ಒಂದು ಜಾಗದ ಎಲ್ಲ ಸೀನ್‌ಗಳೂ ಒಟ್ಟಿಗೆ ಮುಗಿಯಲಿ. ಚಿಕ್ಕ ತಂಡಕ್ಕೆ ದಿನಕ್ಕೆ 3ರಿಂದ 5 ಪುಟ ಆದರೆ ಒಳ್ಳೆಯ ವೇಗವೇ. ಕೆಲಸಕ್ಕೆ ಹೋಗುತ್ತಲೇ ಚಿತ್ರ ಮಾಡುವ ತಂಡಗಳಿಗೆ ಕ್ರಿಸ್ಟೋಫರ್ ನೋಲನ್ ಅವರ ಮೊದಲ ಫೀಚರ್, 1998ರ "ಫಾಲೋಯಿಂಗ್", ನೆನಪಿಡಬೇಕಾದ ಉದಾಹರಣೆ. ವಾರಾಂತ್ಯಗಳಲ್ಲಿ, ಸುಮಾರು ಒಂದು ವರ್ಷ, 16 ಎಂಎಂ ಫಿಲ್ಮ್‌ನಲ್ಲಿ ತೆಗೆದದ್ದು ಅದು. ಫಿಲ್ಮ್ ಉಳಿಸಲು ನಾಟಕದ ಹಾಗೆ ಮೊದಲೇ ಚೆನ್ನಾಗಿ ರಿಹರ್ಸಲ್ ಮಾಡಿ ಒಂದೆರಡು ಟೇಕ್‌ನಲ್ಲಿ ಮುಗಿಸುತ್ತಿದ್ದರು. ರಿಹರ್ಸಲ್‌ಗೆ ಬಾಡಿಗೆ ಕಟ್ಟಬೇಕಿಲ್ಲ, ಅಲ್ವಾ? ಮಾತು ತಿದ್ದುವ ಆಸೆಯೂ ಅಲ್ಲೇ ತೀರುತ್ತದೆ.

ಸೆಟ್‌ನಲ್ಲಿ ಬರಹಗಾರರ ಕೆಲಸ ಕತ್ತರಿಸುವುದು ಮಾತ್ರ

ಸಮಯ ಸಾಲದಾದಾಗ ಸಾಲುಗಳನ್ನು ತೆಗೆಯಿರಿ, ಹೊಸದು ಸೇರಿಸಬೇಡಿ. ಯಾವ ಸೀನ್ ಬಿಟ್ಟರೂ ಕಥೆ ಕೆಡುವುದಿಲ್ಲ ಎಂದು ಹಿಂದಿನ ರಾತ್ರಿಯೇ ಗುರುತು ಹಾಕಿಕೊಂಡಿದ್ದರೆ ಬಿಸಿಲಿನಲ್ಲಿ ನಿಂತು ಯೋಚಿಸುವ ಕಷ್ಟ ಇರುವುದಿಲ್ಲ.

ಮತ್ತೆ ಶೂಟ್ ಮಾಡಬೇಕಾಗಿ ಬಂದರೆ ಬರವಣಿಗೆಯ ಎರಡು ವಾರ ಹೋದ ಹಾಗೆ. ಅದಕ್ಕೇ ಎರಡು ವಿಷಯದಲ್ಲಿ ಹಟ ಹಿಡಿಯಿರಿ. ಮೊದಲನೆಯದು ಸೌಂಡ್. ಮೈಕ್ ಬಾಯಿಗೆ ಹತ್ತಿರ ಇರಲಿ, ಪ್ರತಿ ಜಾಗ ಬಿಡುವ ಮುನ್ನ ಎಲ್ಲರನ್ನೂ ಸುಮ್ಮನಿರಿಸಿ ಅಲ್ಲಿನ ಖಾಲಿ ಸದ್ದನ್ನು 30 ಸೆಕೆಂಡ್ ರೆಕಾರ್ಡ್ ಮಾಡಿ. ಮಾತಿನ ನಡುವಿನ ಕಟ್‌ಗಳನ್ನು ಮುಚ್ಚುವುದು ಆ ಸದ್ದೇ. ಎರಡನೆಯದು ಬ್ಯಾಕಪ್. ಮೂರು ಪ್ರತಿ, ಎರಡು ಬಗೆಯ ಸ್ಟೋರೇಜ್, ಅದರಲ್ಲಿ ಒಂದು ಬೇರೆ ಕಟ್ಟಡದಲ್ಲಿ. ಪ್ರತಿಗಳು ತೆರೆಯುತ್ತವೆಯೇ ಎಂದು ನೋಡುವವರೆಗೆ ಕ್ಯಾಮೆರಾದ ಮೆಮೊರಿ ಕಾರ್ಡ್ ಅಳಿಸಬೇಡಿ.

ನಟರಿಂದ, ಜಾಗದ ಮಾಲೀಕರಿಂದ ಲಿಖಿತ ಒಪ್ಪಿಗೆ ಅಂದೇ ತೆಗೆದುಕೊಳ್ಳಿ, ಆಮೇಲೆ ಹಿಂದೆ ಬಿದ್ದು ಕೇಳುವುದು ಕಷ್ಟ. ಬೇರೆಯವರ ಹಾಡು ಬಳಸುವುದಾದರೆ ಹಾಡಿನ ರಚನೆಗೂ ಅದರ ರೆಕಾರ್ಡಿಂಗ್‌ಗೂ ಎರಡು ಬೇರೆ ಹಕ್ಕುಗಳಿವೆ, ಎರಡೂ ಬೇಕು. ಪೋಸ್ಟರ್‌ಗೆ ಬೇಕಾದ ಸ್ಟಿಲ್ ಫೋಟೋಗಳನ್ನೂ ಸೆಟ್‌ನಲ್ಲೇ ತೆಗೆಸಿ.

ಎಡಿಟಿಂಗ್ ಕಾಲವೇ ಬರೆಯುವ ಕಾಲ

ಇದು ಬಹಳ ಜನ ಕಳೆದುಕೊಳ್ಳುವ ಅವಕಾಶ. ಎಡಿಟಿಂಗ್‌ನಲ್ಲಿ ಕಾಯುವ ದಿನಗಳು ಜಾಸ್ತಿ. ಸಂಗೀತ ಬರಬೇಕು, ಸೌಂಡ್ ಮಿಕ್ಸ್ ಆಗಬೇಕು, ಕಟ್ ನೋಡಿದವರು ಅಭಿಪ್ರಾಯ ಹೇಳಬೇಕು. ಆ ದಿನಗಳು ಹೊಸ ಸ್ಕ್ರಿಪ್ಟ್‌ನದು. ಎಡಿಟ್ ಮಾಡುವಾಗ ನೀವು ಬರವಣಿಗೆಯ ಬಗ್ಗೆ ಕಲಿಯುವಷ್ಟು ಬೇರೆ ಯಾವಾಗಲೂ ಕಲಿಯುವುದಿಲ್ಲ ಅನ್ನುವುದು ಅದಕ್ಕಿಂತ ದೊಡ್ಡ ಕಾರಣ. ಕಟ್‌ನಲ್ಲಿ ಹಾರಿಹೋದ ಪ್ರತಿ ಸಾಲನ್ನೂ ಒಂದು ಕಡೆ ಬರೆದಿಡಿ. ಸೀನ್‌ನ ಮೊದಲ ಎರಡು ಮಾತುಗಳು, "ಬಾ, ಕೂತ್ಕೋ" ಎಂಬಂಥವು, ಹೋಗಿರುತ್ತವೆ. ಕೊನೆಯ ಸಾಲು ಹೋಗಿರುತ್ತದೆ, ಯಾಕೆಂದರೆ ಅದಕ್ಕೂ ಮುಂಚೆ ನಟರ ಮುಖದಲ್ಲಿ ಅದೆಲ್ಲ ಬಂದಾಗಿದೆ. ಪಾತ್ರ ತನ್ನ ನೋವನ್ನು ತಾನೇ ವಿವರಿಸುವ ಮಾತು ಹೋಗಿರುತ್ತದೆ. ಈ ಪಟ್ಟಿ ಪಕ್ಕದಲ್ಲಿಟ್ಟುಕೊಂಡು ಹೊಸ ಸ್ಕ್ರಿಪ್ಟ್ ಬರೆಯಿರಿ, ಅದೇ ಬಗೆಯ ಸಾಲು ಕೈಯಿಂದ ಬರುವಾಗಲೇ ಗೊತ್ತಾಗುತ್ತದೆ. ಬೆಳಿಗ್ಗೆ ಬರವಣಿಗೆ, ಸಂಜೆ ಎಡಿಟಿಂಗ್ ಎಂಬ ಕ್ರಮ ಒಳ್ಳೆಯದು. ಉಲ್ಟಾ ಮಾಡಿದರೆ ಹಳೆ ಚಿತ್ರದ ಸೀನ್‌ಗಳೇ ತಲೆಯಲ್ಲಿ ತಿರುಗುತ್ತಿರುತ್ತವೆ.

ಎಡಿಟ್‌ಗೂ ಕೊನೆಯ ದಿನ ಇರಲಿ. ದೃಶ್ಯಗಳು ಲಾಕ್ ಆಗದೆ ಮಿಕ್ಸಿಂಗ್‌ಗೆ ಕಳಿಸಿದರೆ ಆ ಕೆಲಸ ಎರಡೆರಡು ಸಲ ಆಗುತ್ತದೆ. ಸಾಫ್ಟ್‌ವೇರ್ ಬಗ್ಗೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ, ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೇ ಎಡಿಟ್, ಕಲರ್, ಸೌಂಡ್ ಮೂರೂ ಆಗುತ್ತವೆ.

ಫೆಸ್ಟಿವಲ್ ಅರ್ಜಿಗಳಿಗೆ ವಾರದಲ್ಲಿ ಒಂದು ಸಂಜೆ ಕೊಡಿ, ದಿನಾ ಇನ್‌ಬಾಕ್ಸ್ ನೋಡುತ್ತಾ ಕೂರಬೇಡಿ. ಆನ್‌ಲೈನ್‌ನಲ್ಲಿ ಈಗಾಗಲೇ ಬಿಟ್ಟ ಚಿತ್ರವನ್ನು ಕೆಲವು ಫೆಸ್ಟಿವಲ್‌ಗಳು ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ನಿಯಮ ಓದುವ ಮೊದಲು ಅಪ್‌ಲೋಡ್ ಮಾಡಬೇಡಿ.

ಕೆಲವೊಮ್ಮೆ ಎಷ್ಟು ಪ್ಲಾನ್ ಮಾಡಿದರೂ ಹೊಸ ಡ್ರಾಫ್ಟ್ ಅರ್ಧದಲ್ಲಿರುವಾಗ ಪ್ಯಾಚ್‌ವರ್ಕ್ ಶೂಟಿಂಗ್, ಅಂದರೆ ಹಳೆ ಚಿತ್ರದಲ್ಲಿ ಬಿಟ್ಟುಹೋದ ಚೂರುಗಳನ್ನು ತೆಗೆಯುವ ಕೆಲಸ, ಬಂದುಬಿಡುತ್ತದೆ. ಆಗ ಸೀನ್ ಮುಗಿಸಿ ನಿಲ್ಲಿಸಬೇಡಿ, ಸೀನ್ ನಡುವೆಯೇ ನಿಲ್ಲಿಸಿ. ಫೈಲ್‌ನ ಮೇಲ್ಭಾಗದಲ್ಲಿ ಮೂರು ಸಾಲು ಬರೆದಿಡಿ: ಈಗ ಪಾತ್ರ ಎಲ್ಲಿದೆ, ಮುಂದೆ ಏನಾಗಬೇಕು, ಯಾವ ಮಾತು ಇನ್ನೂ ಸಿಕ್ಕಿಲ್ಲ. ಶೂಟಿಂಗ್ ಮುಗಿಸಿ ಬಂದಾಗ ಆ ಮೂರು ಸಾಲನ್ನಷ್ಟೇ ಓದಿ ನೇರ ಬರೆಯಲು ಕೂತುಕೊಳ್ಳಿ. ಡ್ರಾಫ್ಟ್ ಅನ್ನು ಮೊದಲಿಂದ ಓದಲು ಹೋದರೆ ತಿದ್ದುವುದರಲ್ಲೇ ಆ ದಿನ ಹೋಗುತ್ತದೆ.