ಆರ್‌ಎನ್‌ಎ ಲ್ಯಾಬಿಗೆ ಹೋಗಬೇಕು ಅನ್ನುವವರಿಗೆ

ಎಂಎಸ್ಸಿ ಮುಗಿಸುತ್ತಿರುವವರು ಮೊದಲು ಕೇಳುವುದೇ ಇದು: ಆರ್‌ಎನ್‌ಎ, ಪ್ರೋಟೀನ್ ತಯಾರಿಕೆ ಮೇಲೆ ಸಂಶೋಧನೆ ಮಾಡಬೇಕು, ಯಾವ ಪರೀಕ್ಷೆ ಬರೆಯಲಿ? ಪರೀಕ್ಷೆಯದು ಎರಡು ಸಾಲಿನ ಮಾತು, ಕೊನೆಗೆ ಹೇಳುತ್ತೇನೆ. ಮೊದಲು ಒಂದು ಪ್ರಶ್ನೆ ಹುಡುಕಿಕೊಳ್ಳಿ.

ಪ್ರಶ್ನೆ ಚಿಕ್ಕದಿರಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಮೇಶ್ ವಾರ್ಷ್ಣೆ ಅವರ ಕೆಲಸವನ್ನೇ ನೋಡಿ. ಟಿಆರ್‌ಎನ್‌ಎ ಅಂದರೆ ಅಮೈನೋ ಆಮ್ಲಗಳನ್ನು ಹೊತ್ತು ತರುವ ಚಿಕ್ಕ ಆರ್‌ಎನ್‌ಎ. ಪ್ರೋಟೀನ್ ಕಟ್ಟಲು ಶುರು ಮಾಡುವ ಟಿಆರ್‌ಎನ್‌ಎ ಬೇರೆ, ಮುಂದುವರಿಸುವ ಟಿಆರ್‌ಎನ್‌ಎಗಳು ಬೇರೆ. ಶುರು ಮಾಡುವುದರ ಕಾಂಡದಲ್ಲಿ (ಎಳೆ ಮಡಚಿ ಜೋಡಿಯಾಗಿರುವ ಒಂದು ಭಾಗ) ಸಾಲಾಗಿ ಮೂರು ಜಿ-ಸಿ (ಗ್ವಾನೀನ್-ಸೈಟೋಸೀನ್) ಜೋಡಿಗಳಿವೆ. ಅವು ಯಾಕಿವೆ, ಬದಲಾಯಿಸಿದರೆ ಏನಾಗುತ್ತದೆ? ಅಷ್ಟೇ ಪ್ರಶ್ನೆ. ವಾರ್ಷ್ಣೆ ಅವರು ಅಮೆರಿಕದ ಎಂಐಟಿಯಲ್ಲಿ ಟಿಆರ್‌ಎನ್‌ಎ ವಿಜ್ಞಾನಿ ರಾಜ್‌ಭಂಡಾರಿ ಅವರ ಲ್ಯಾಬಿನಲ್ಲಿ ಕಲಿತದ್ದನ್ನು ಇಲ್ಲಿಗೆ ತಂದು ಇದರ ಸುತ್ತಲೇ ದಶಕಗಳ ಕಾಲ ಕೆಲಸ ಮಾಡಿದ್ದಾರೆ. ‘ನನಗೆ ಆರ್‌ಎನ್‌ಎ ಅಂದರೆ ಇಷ್ಟ’ ಅನ್ನುವುದು ಪ್ರಶ್ನೆ ಅಲ್ಲ, ಅಲ್ವಾ?

ಹಳೆಯ ಪ್ರಯೋಗಗಳನ್ನೂ ಓದಿ, ಆದರೆ ಫಲಿತಾಂಶಕ್ಕಾಗಿ ಅಲ್ಲ. 1961ರಲ್ಲಿ ನೈರೆನ್‌ಬರ್ಗ್ ಮತ್ತು ಮಥಾಯಿ ಬರೀ ಯು (ಯುರಾಸಿಲ್) ಅಕ್ಷರವೇ ಇರುವ ಆರ್‌ಎನ್‌ಎಯನ್ನು ಬ್ಯಾಕ್ಟೀರಿಯಾದ ಸಾರಕ್ಕೆ ಹಾಕಿದರು, ಫಿನೈಲ್‌ಅಲನೈನ್ ಎಂಬ ಒಂದೇ ಅಮೈನೋ ಆಮ್ಲದ ಸರಪಳಿ ಬಂತು. ಇದು ಪಠ್ಯಪುಸ್ತಕದಲ್ಲೇ ಇದೆ. ಆ ಸಾರದಲ್ಲಿ ಮೊದಲೇ ಇದ್ದ ಆರ್‌ಎನ್‌ಎ ಗೊಂದಲ ಮಾಡದಂತೆ ಹೇಗೆ ನೋಡಿಕೊಂಡರು, ಬೇರೆ ಅಮೈನೋ ಆಮ್ಲಗಳು ಸೇರಲಿಲ್ಲ ಅಂತ ಹೇಗೆ ತೋರಿಸಿದರು, ಅದನ್ನು ಹುಡುಕಿ ಓದಿ.

ಇನ್ನು ಕೈ ಕೆಲಸ. ಆರ್‌ಎನ್‌ಎ ಲ್ಯಾಬಿನಲ್ಲಿ ಮೊದಲ ಶತ್ರು ಆರ್‌ಎನ್‌ಎಯನ್ನು ಕತ್ತರಿಸುವ ಆರ್‌ಎನ್‌ಏಸ್ ಎಂಬ ಕಿಣ್ವ. ಅದು ನಿಮ್ಮ ಚರ್ಮದ ಮೇಲೇ ಇದೆ, ಕುದಿಸಿದರೂ ಪೂರ್ತಿ ಸಾಯುವುದಿಲ್ಲ, ಬರೀ ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಬೇಯಿಸುವುದು) ಮಾಡಿದ್ದೇನೆ ಅಂತ ನಂಬಿಕೊಂಡು ಕೂರಬೇಡಿ. ಗ್ಲೌಸ್ ಹಾಕಿಕೊಂಡು ಫೋನ್ ಮುಟ್ಟಿದಿರಾ? ಬದಲಾಯಿಸಿ. ನೀರಿಗೆ ಆರ್‌ಎನ್‌ಏಸ್ ಕೆಡಿಸುವ ಡಿಇಪಿಸಿ ಎಂಬ ರಾಸಾಯನಿಕವನ್ನು 0.1 ಶೇಕಡಾ ಹಾಕಿ, ರಾತ್ರಿಯಿಡೀ ಬಿಟ್ಟು, ಆಮೇಲೆ ಆಟೋಕ್ಲೇವ್ ಮಾಡಿ. ಡಿಇಪಿಸಿ ವಿಷ, ಫ್ಯೂಮ್ ಹುಡ್ ಒಳಗೇ ಬಳಸಿ. ಟ್ರಿಸ್ ಬಫರಿಗೆ (ಪಿಎಚ್ ಬದಲಾಗದಂತೆ ಹಿಡಿದಿಡುವ ದ್ರಾವಣ) ಅದನ್ನು ನೇರವಾಗಿ ಹಾಕಬೇಡಿ, ಟ್ರಿಸ್ ಜೊತೆಗೇ ಪ್ರತಿಕ್ರಿಯಿಸಿ ಖರ್ಚಾಗಿ ಹೋಗುತ್ತದೆ. ಶುದ್ಧ ಮಾಡಿದ ನೀರಿನಲ್ಲಿ ಟ್ರಿಸ್ ಕರಗಿಸಿ. ಪ್ಲಾಸ್ಮಿಡ್ (ಬ್ಯಾಕ್ಟೀರಿಯಾದ ಉಂಗುರದಂಥ ಡಿಎನ್‌ಎ) ತೆಗೆಯಲು ಆರ್‌ಎನ್‌ಏಸ್ ಬಳಸುವವರ ಪಿಪೆಟ್ ಮತ್ತು ಮೇಜಿನಿಂದ ದೂರ ಇರಿ, ಜಗಳ ಆದರೂ ಪರವಾಗಿಲ್ಲ.

ಆರ್‌ಎನ್‌ಎ ತೆಗೆದ ಮೇಲೆ 260/280 ಅನುಪಾತ (260 ಮತ್ತು 280 ನ್ಯಾನೋಮೀಟರ್ ಬೆಳಕನ್ನು ಅದು ಹೀರುವ ಪ್ರಮಾಣ, ಶುದ್ಧತೆಯ ಅಳತೆ) 2ರ ಹತ್ತಿರ ಬಂತು ಅಂತ ಖುಷಿಪಡುವವರು ಜಾಸ್ತಿ. ತುಂಡು ತುಂಡಾದ ಆರ್‌ಎನ್‌ಎ ಕೂಡ ಅದೇ ಸಂಖ್ಯೆ ಕೊಡುತ್ತದೆ! ತುಂಡುಗಳನ್ನು ಉದ್ದದ ಪ್ರಕಾರ ಬೇರೆ ಮಾಡುವ ಜೆಲ್ ಓಡಿಸಿ. ಪ್ರಾಣಿ ಕೋಶದ್ದಾದರೆ ರೈಬೋಸೋಮಿನ (ಪ್ರೋಟೀನ್ ಕಟ್ಟುವ ಯಂತ್ರ) ಆರ್‌ಎನ್‌ಎಗಳಾದ 28ಎಸ್ ಮತ್ತು 18ಎಸ್ ಪಟ್ಟಿಗಳು ಸ್ಪಷ್ಟವಾಗಿ ಕಾಣಬೇಕು, ಮೇಲಿನದು ಸುಮಾರು ಎರಡರಷ್ಟು ಗಾಢ. ಕೆಳಗೆ ಮಸುಕಾಗಿ ಹರಡಿದ್ದರೆ ಎಸೆದು ಮತ್ತೆ ತೆಗೆಯಿರಿ.

ಎಂಆರ್‌ಎನ್‌ಎ (ಪ್ರೋಟೀನಿನ ಸಂದೇಶ ಹೊರುವ ಆರ್‌ಎನ್‌ಎ) ಹೆಚ್ಚಾಯಿತು ಅಂದ ಮಾತ್ರಕ್ಕೆ ಪ್ರೋಟೀನ್ ಹೆಚ್ಚಾಗಬೇಕಿಲ್ಲ. ಅದಕ್ಕೇ ಪಾಲಿಸೋಮ್ (ಒಂದೇ ಎಂಆರ್‌ಎನ್‌ಎ ಮೇಲೆ ಸಾಲಾಗಿ ಕೂತ ರೈಬೋಸೋಮ್‌ಗಳು) ಪ್ರೊಫೈಲ್ ಕಲಿಯಿರಿ: ಸೈಕ್ಲೋಹೆಕ್ಸಿಮೈಡ್ ಹಾಕಿ ರೈಬೋಸೋಮ್‌ಗಳನ್ನು ಇದ್ದಲ್ಲೇ ನಿಲ್ಲಿಸಿ, ಕೋಶದ ಸಾರವನ್ನು 10ರಿಂದ 50 ಶೇಕಡಾ ಸುಕ್ರೋಸ್ ಗ್ರೇಡಿಯಂಟ್ ಮೇಲೆ ಇಟ್ಟು ಅಲ್ಟ್ರಾಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ 40ಎಸ್ (ರೈಬೋಸೋಮಿನ ಚಿಕ್ಕ ಹೋಳು), 60ಎಸ್ (ದೊಡ್ಡ ಹೋಳು), 80ಎಸ್ (ಪೂರ್ತಿ ರೈಬೋಸೋಮ್), ಆಮೇಲೆ ಪಾಲಿಸೋಮ್‌ಗಳು ಹೀಗೆ ಒಂದರ ಹಿಂದೊಂದು ಶಿಖರಗಳು ಕಾಣುತ್ತವೆ. ನಿಮ್ಮ ಎಂಆರ್‌ಎನ್‌ಎ ಪಾಲಿಸೋಮ್ ಭಾಗದಲ್ಲಿ ಸಿಕ್ಕಿತು ಅಂತಲೇ ಪೇಪರ್ ಬರೆಯಲು ಕೂರಬೇಡಿ. ಇನ್ನೊಂದು ಟ್ಯೂಬಿಗೆ ಇಡಿಟಿಎ ಹಾಕಿ. ಅದು ಮೆಗ್ನೀಸಿಯಂ ಕಿತ್ತುಕೊಳ್ಳುತ್ತದೆ, ರೈಬೋಸೋಮ್ ಎರಡು ಹೋಳಾಗುತ್ತದೆ, ಪಾಲಿಸೋಮ್ ಶಿಖರಗಳು ಮಾಯ. ಆಗಲೂ ನಿಮ್ಮ ಎಂಆರ್‌ಎನ್‌ಎ ತಳದಲ್ಲೇ ಕೂತಿದ್ದರೆ ಅದು ರೈಬೋಸೋಮ್ ಮೇಲೆ ಇರಲಿಲ್ಲ, ಬೇರೆ ಯಾವುದೋ ಭಾರದ ಗುಂಪಿನಲ್ಲಿತ್ತು. ನನ್ನ ಪ್ರಕಾರ ಇಡೀ ವಿಧಾನದಲ್ಲಿ ಮುಖ್ಯವಾದ ಟ್ಯೂಬ್ ಅದೇ, ಜನ ಬಿಟ್ಟುಬಿಡುವುದೂ ಅದನ್ನೇ.

ಭೌತಶಾಸ್ತ್ರ ಓದಿದವರಿಗೂ ಇಲ್ಲಿ ಜಾಗ ಇದೆ. ವೆಂಕಿ ರಾಮಕೃಷ್ಣನ್ ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಮುಗಿಸಿ, ಮತ್ತೆ ಜೀವಶಾಸ್ತ್ರದ ವಿದ್ಯಾರ್ಥಿಯಾಗಿ ಕೂತವರು, ರೈಬೋಸೋಮ್ ರಚನೆಗೆ 2009ರ ನೊಬೆಲ್ ಹಂಚಿಕೊಂಡರು. ಅದೇ ವರ್ಷ ಅದನ್ನು ಪಡೆದ ಅದಾ ಯೋನಾತ್ ಮೊದಲ ಹರಳುಗಳಿಂದ ಪೂರ್ತಿ ರಚನೆಯವರೆಗೆ ಸುಮಾರು 20 ವರ್ಷ ಹಿಡಿದರು. ನಿಮ್ಮ ಮನೆಯವರಿಗೆ ಇದನ್ನು ಮೊದಲೇ ಹೇಳಿಡಿ.

ಪರೀಕ್ಷೆಗಳು: ಸಿಎಸ್‌ಐಆರ್-ಯುಜಿಸಿ ನೆಟ್‌ನಲ್ಲಿ ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್), ಗೇಟ್, ಬೆಂಗಳೂರಿನ ಜೀವವಿಜ್ಞಾನ ಕೇಂದ್ರ ಎನ್‌ಸಿಬಿಎಸ್‌ಗೆ ಜೆಗೀಬಿಲ್ಸ್ ಎಂಬ ಪ್ರವೇಶ ಪರೀಕ್ಷೆ. ಅದಕ್ಕೂ ಮೊದಲು ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್‌ಗೆ ಅರ್ಜಿ ಹಾಕಿ, ಎರಡು ತಿಂಗಳು ಲ್ಯಾಬಿನಲ್ಲಿ ನಿಂತರೆ ಈ ಕೆಲಸ ನಿಮಗೆ ಆಗುತ್ತದೋ ಇಲ್ಲವೋ ಗೊತ್ತಾಗುತ್ತದೆ. ಲ್ಯಾಬಿಗೆ ಮೇಲ್ ಬರೆಯುವಾಗ ‘ರೆಸ್ಪೆಕ್ಟೆಡ್ ಸರ್, ಐ ಆ್ಯಮ್ ಹೈಲಿ ಇಂಟರೆಸ್ಟೆಡ್’ ಅಂತ ಸುಮ್ನೆ ಎಲ್ಲರಿಗೂ ಒಂದೇ ಪತ್ರ ಕಳಿಸಬೇಡಿ. ಅವರ ಹೊಸ ಪೇಪರಿನ ಒಂದು ಚಿತ್ರ ಆರಿಸಿ, ಅದರಲ್ಲಿ ಏನು ಅರ್ಥವಾಯಿತು, ಯಾವ ಕಂಟ್ರೋಲ್ (ಹೋಲಿಸಿ ನೋಡಲು ಮಾಡುವ ಪ್ರಯೋಗ) ಬಗ್ಗೆ ಅನುಮಾನ ಬಂತು ಅಂತ ನಾಲ್ಕು ಸಾಲು ಬರೆಯಿರಿ. ಉತ್ತರ ಬಾರದಿದ್ದರೆ ಎರಡು ವಾರ ಬಿಟ್ಟು ಒಂದು ಸಲ ನೆನಪಿಸಿ, ಆಮೇಲೆ ಮುಂದಿನ ಲ್ಯಾಬಿಗೆ ಬರೆಯಿರಿ.