‘ಡಿಸ್ಕ್ ಕಾಣವಲ್ದ್ರಿ’ ಅಂದಾಗ ನಾನು ಲಿನಕ್ಸ್‌ನಲ್ಲಿ ನೋಡುವುದು

ಮದುವೆ ಸೀಸನ್ ಬಂತೆಂದರೆ ಕಲಬುರಗಿಯ ವಿಡಿಯೊ ಎಡಿಟಿಂಗ್ ಟೇಬಲ್ ಮೇಲೆ ಹಾರ್ಡ್ ಡಿಸ್ಕ್‌ಗಳ ಸಾಲು. ಒಂದು ಜೇವರ್ಗಿಯಿಂದ ಬಂದದ್ದು, ಇನ್ನೊಂದು ಆಳಂದದಿಂದ. ಎಲ್ಲವೂ ಹೆಸರಿಲ್ಲದ ಕರಿ ಡಬ್ಬಿಗಳು. “ಅಣ್ಣಾರ, ಡಿಸ್ಕ್ ಕಾಣವಲ್ದ್ರಿ” ಅನ್ನುವ ಮಾತಿಗೆ ಲಿನಕ್ಸ್‌ನಲ್ಲಿ ಐದು ಅರ್ಥ ಇರಬಹುದು. ಡಿಸ್ಕಿಗೆ ಕರೆಂಟ್ ಸಾಲುತ್ತಿಲ್ಲ. ಕೇಬಲ್‌ನಲ್ಲಿ ಡೇಟಾ ಹರಿಯುತ್ತಿಲ್ಲ. ಕರ್ನಲ್ (ಲಿನಕ್ಸಿನ ತಿರುಳು) ಗುರುತಿಸಿದೆ, ಆದರೆ ಪಾರ್ಟಿಷನ್ (ಡಿಸ್ಕಿನೊಳಗಿನ ವಿಭಾಗ) ಸಿಗುತ್ತಿಲ್ಲ. ಪಾರ್ಟಿಷನ್ ಇದೆ, ಫೈಲ್ ಸಿಸ್ಟಮ್ (ಫೈಲ್ ಜೋಡಿಸಿಡುವ ವ್ಯವಸ್ಥೆ) ಕೆಟ್ಟಿದೆ. ಇಲ್ಲವೇ ಎಲ್ಲ ಸರಿ ಇದ್ದು ಬರೀ ಮೌಂಟ್ ಆಗಿಲ್ಲ, ಅಂದರೆ ಫೋಲ್ಡರ್ ಆಗಿ ತೆರೆದುಕೊಂಡಿಲ್ಲ. ಫೈಲ್ ಮ್ಯಾನೇಜರ್‌ನಲ್ಲಿ ಈ ಐದರದ್ದೂ ಒಂದೇ ಮುಖ: ಖಾಲಿ. ಹಾಗಾಗಿ ನಾನು ಮೊದಲು ತೆರೆಯುವುದು ಕಮಾಂಡ್ ಟೈಪ್ ಮಾಡುವ ಕಿಟಕಿ, ಟರ್ಮಿನಲ್. ಯಾವ ಮೆಟ್ಟಿಲಲ್ಲಿ ನಿಂತಿದೆ ಅಂತ ಗೊತ್ತಾಗುವ ತನಕ ಫಾರ್ಮ್ಯಾಟ್ ಗುಂಡಿಯ ಹತ್ತಿರ ಕೈ ಹೋಗಬಾರದು.

ಕಮಾಂಡ್‌ಗಳನ್ನು ಇಲ್ಲಿ ಅಕ್ಷರ ಬಿಡಿಸಿ ಬರೆದಿದ್ದೇನೆ. ಟೈಪ್ ಮಾಡುವಾಗ ಎಲ್ಲವೂ ಇಂಗ್ಲಿಷಿನ ಚಿಕ್ಕಕ್ಷರ, ನಡುವೆ ಗೆರೆ ಬೇಡ.

ಡಿಸ್ಕ್ ಚುಚ್ಚುವ ಮೊದಲೇ ಒಂದು ಸಲ ಡಿಸ್ಕ್‌ಗಳ ಪಟ್ಟಿ ಕೊಡುವ ಎಲ್-ಎಸ್-ಬಿ-ಎಲ್-ಕೆ ಓಡಿಸುತ್ತೇನೆ, ಚುಚ್ಚಿ ಹತ್ತು ಸೆಕೆಂಡ್ ಬಿಟ್ಟು ಮತ್ತೊಂದು ಸಲ. ಎರಡನೆಯ ಪಟ್ಟಿಯಲ್ಲಿ ಹೆಚ್ಚಾಗಿ ಬಂದ ಸಾಲೇ ನಮ್ಮ ಡಿಸ್ಕ್. ಸಾಮಾನ್ಯವಾಗಿ ಅದು ಎಸ್-ಡಿ-ಎ ಅಥವಾ ಎಸ್-ಡಿ-ಬಿ ಆಗಿರುತ್ತದೆ, ಅದರ ಕೆಳಗೆ ಎಸ್-ಡಿ-ಬಿ-1ರಂಥ ಪಾರ್ಟಿಷನ್. ಒಳಗಿನ ಎನ್‌ವಿಎಂಇ (ಹೊಸ ಬಗೆಯ ವೇಗದ) ಡಿಸ್ಕಿನ ಹೆಸರೇ ಬೇರೆ ರೀತಿ ಇರುವುದರಿಂದ ಅದರೊಂದಿಗೆ ಗೊಂದಲವಾಗದು. ಅಪಾಯ ಇರುವುದು ಒಳಗೆ ಸಾಟಾ (ಹಳೆಯ ಬಗೆಯ ಜೋಡಣೆ) ಡಿಸ್ಕ್ ಇರುವ ಹಳೆಯ ಯಂತ್ರಗಳಲ್ಲಿ. ಅಲ್ಲಿ ಎ, ಬಿ, ಸಿ ಅಕ್ಷರಗಳು ಯಾರು ಮೊದಲು ಸಿಕ್ಕರೋ ಅವರಿಗೆ. ನಡುವೆ ಕಾರ್ಡ್ ರೀಡರ್ ಇದ್ದರೆ ಅದೂ ಒಂದೆರಡು ಅಕ್ಷರ ನುಂಗುತ್ತದೆ. ನಿನ್ನೆ ಎಸ್-ಡಿ-ಬಿ ಆಗಿದ್ದದ್ದು ಇವತ್ತೂ ಅದೇ ಅಂತ ನಂಬಿ, ಡಿಸ್ಕಿನ ಮೇಲೆ ನೇರವಾಗಿ ಬರೆಯುವ ಡಿ-ಡಿ ಓಡಿಸಿದರೆ ಒಂದು ಕುಟುಂಬದ ಮದುವೆಯೇ ಅಳಿಸಿಹೋಗುತ್ತದೆ.

ಅಳತೆ ನೋಡಿ ಗಾಬರಿಯಾಗುವವರೂ ಇದ್ದಾರೆ. 1 ಟಿಬಿ ಡಿಸ್ಕ್ ಅಲ್ಲಿ 931.5 ಜಿ ಅಂತ, 2 ಟಿಬಿ ಡಿಸ್ಕ್ 1.8 ಟಿ ಅಂತ ತೋರುತ್ತದೆ. ಕಂಪನಿ ಸಾವಿರದ ಲೆಕ್ಕದಲ್ಲಿ ಮಾರುತ್ತದೆ, ಈ ಕಮಾಂಡ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಮೋಸವೇನಿಲ್ಲ. ಆರ್-ಎಂ ಎಂಬ ಕಾಲಂ ನೋಡಿ ಹೊರಗಿನದೋ ಒಳಗಿನದೋ ತೀರ್ಮಾನಿಸಬೇಡಿ. ಪೆನ್ ಡ್ರೈವ್‌ಗೆ ಅಲ್ಲಿ 1 ಇರುತ್ತದೆ, ಯುಎಸ್‌ಬಿ ಹಾರ್ಡ್ ಡಿಸ್ಕಿಗೆ ಬಹಳ ಸಲ 0 ಇರುತ್ತದೆ. ಅದೇ ಕಮಾಂಡಿಗೆ ಹೈಫನ್ ಓ ಹಾಕಿ ನೇಮ್, ಸೈಜ್, ಟಿ-ಆರ್-ಎ-ಎನ್ (ಜೋಡಣೆಯ ಬಗೆ), ಮಾಡೆಲ್ ಕಾಲಂಗಳನ್ನು ಕೇಳಿ. ಟಿ-ಆರ್-ಎ-ಎನ್ ಕೆಳಗೆ ಯುಎಸ್‌ಬಿ ಅಂತ ಇದ್ದರೆ ಅದೇ ಹೊರಗಿನದು.

ಹೊಸ ಸಾಲೇ ಬರಲಿಲ್ಲವೆ? ಆಗ ಸುಡೊ (ಆಡಳಿತಗಾರನ ಅಧಿಕಾರದಲ್ಲಿ ಓಡಿಸುವ ಪದ) ಜೊತೆ ಡಿ-ಎಂ-ಇ-ಎಸ್-ಜಿ, ಹೈಫನ್ ಡಬ್ಲ್ಯೂ. ಇದು ಕರ್ನಲ್ ಮಾತನ್ನು ನೇರಪ್ರಸಾರ ಮಾಡುತ್ತದೆ. ಅದನ್ನು ಓಡಲು ಬಿಟ್ಟು ಕೇಬಲ್ ಕಿತ್ತು ಮತ್ತೆ ಚುಚ್ಚಿ. ಆರೋಗ್ಯವಂತ ಡಿಸ್ಕ್ ಆದರೆ ಹೊಸ ಯುಎಸ್‌ಬಿ ಸಾಧನ ಬಂತು, ಇಷ್ಟು ಬ್ಲಾಕ್ ಇದೆ (1 ಟಿಬಿಗೆ 512 ಬೈಟ್‌ನ 1953525168 ಬ್ಲಾಕ್), ಎಸ್-ಡಿ-ಬಿ ಜೋಡಣೆಯಾಯಿತು ಎಂದು ಸಾಲುಸಾಲಾಗಿ ಬರುತ್ತದೆ. ಒಂದಕ್ಷರವೂ ಬರದಿದ್ದರೆ ಕೇಬಲ್ ಅಥವಾ ಪೋರ್ಟ್ ಸತ್ತಿರಬಹುದು. ಬರೀ ಚಾರ್ಜಿಂಗ್‌ಗೆ ಮಾಡಿದ ಕೇಬಲ್‌ನಲ್ಲಿ ದೀಪ ಹತ್ತುತ್ತದೆ, ಕರ್ನಲ್‌ಗೆ ಸುದ್ದಿ ಮುಟ್ಟುವುದಿಲ್ಲ. ‘ಎರರ್ ಮೈನಸ್ 71’ ಅಥವಾ ‘ಮೈನಸ್ 110’ ಬಂದರೆ, ಇಲ್ಲವೇ ಜೋಡಣೆ ಆಗಿ ಮರುಕ್ಷಣ ಡಿಸ್‌ಕನೆಕ್ಟ್ ಅಂತ ಬರುತ್ತಲೇ ಇದ್ದರೆ, ನಾನು ಮೊದಲು ಅನುಮಾನಿಸುವುದು ಕೇಬಲ್ ಮತ್ತು ಕರೆಂಟನ್ನು. ಯುಎಸ್‌ಬಿ 2.0 ಪೋರ್ಟ್ 500 ಮಿಲಿಆಂಪಿಯರ್ ಕೊಡುತ್ತದೆ, 3.0 ಪೋರ್ಟ್ 900. ತಟ್ಟೆ ತಿರುಗಲು ಶುರುವಾಗುವ ಹೊತ್ತಿಗೆ 2.5 ಇಂಚಿನ ಡಿಸ್ಕ್ ಇದಕ್ಕಿಂತ ಹೆಚ್ಚು ಎಳೆಯಬಹುದು. ಕ್ಯಾಬಿನೆಟ್ ಮುಂಭಾಗದ ಪೋರ್ಟ್, ಅದಕ್ಕೊಂದು ಅಡಾಪ್ಟರ್ ಇಲ್ಲದ ಹಬ್, ಮೇಲೆ ಮೀಟರುದ್ದದ ಕೇಬಲ್ ಅಂದರೆ ಡಿಸ್ಕ್ ಟಿಕ್ ಟಿಕ್ ಅಂದು ಮಲಗುತ್ತದೆ. ಹಿಂಭಾಗದ ಪೋರ್ಟ್, ಗಿಡ್ಡ ಕೇಬಲ್. ಅರ್ಧದಷ್ಟು ಕೇಸ್ ಅಲ್ಲಿಗೇ ಮುಗಿಯುತ್ತವೆ. 3.5 ಇಂಚಿನದಕ್ಕಂತೂ 12 ವೋಲ್ಟ್ ಅಡಾಪ್ಟರ್ ಬೇಕೇ ಬೇಕು.

ಸಾಲು ಬಂದರೂ ಕಾಪಿ ಆಮೆಯಂತೆ ಹೋಗುತ್ತಿದ್ದರೆ ಎಲ್-ಎಸ್-ಯು-ಎಸ್-ಬಿ, ಹೈಫನ್ ಟಿ. ಇದು ಯುಎಸ್‌ಬಿ ಸಾಧನಗಳನ್ನು ಅವುಗಳ ವೇಗದೊಂದಿಗೆ ತೋರಿಸುತ್ತದೆ. ಡಿಸ್ಕಿನ ಸಾಲಿನ ಕೊನೆಯಲ್ಲಿ 5000ಎಂ ಇರಬೇಕಾದಲ್ಲಿ 480ಎಂ ಇದ್ದರೆ ಅದು ಯುಎಸ್‌ಬಿ 2ರ ವೇಗಕ್ಕೆ ಇಳಿದಿದೆ. ಆ ಅಗಲ ಮೂತಿಯ ಮೈಕ್ರೊ-ಬಿ ಪ್ಲಗ್ ಪೂರ್ತಿ ಕೂರದಿದ್ದರೂ ಹೀಗಾಗುತ್ತದೆ. 480ರಲ್ಲಿ ಕೈಗೆ ಸಿಗುವುದು ಸೆಕೆಂಡಿಗೆ ಸುಮಾರು 35 ಎಂಬಿ, ಅಂದರೆ 200 ಜಿಬಿಯ ಮದುವೆಗೆ ಒಂದೂವರೆ ತಾಸಿನ ಮೇಲೆ. 110 ಎಂಬಿ ಸಿಕ್ಕರೆ ಅರ್ಧ ತಾಸು.

ಇನ್ನು ಫೈಲ್ ಸಿಸ್ಟಮ್. ಎಲ್-ಎಸ್-ಬಿ-ಎಲ್-ಕೆ ಹೈಫನ್ ಎಫ್ ಹಾಕಿದರೆ ಫೈಲ್ ಸಿಸ್ಟಮ್, ಲೇಬಲ್, ಯು-ಯು-ಐ-ಡಿ (ಪಾರ್ಟಿಷನ್‌ನ ಗುರುತಿನ ಸಂಖ್ಯೆ), ಮೌಂಟ್ ಜಾಗ ಎಲ್ಲ ಕಾಣುತ್ತದೆ. ನಮ್ಮ ಕಡೆ ಬರುವ ಡಿಸ್ಕ್‌ಗಳು ಬಹುಪಾಲು ವಿಂಡೋಸ್‌ನ ಎನ್‌ಟಿಎಫ್‌ಎಸ್, ಉಳಿದವು ಎಕ್ಸ್‌ಫ್ಯಾಟ್. ಎಕ್ಸ್‌ಫ್ಯಾಟ್‌ಗೆ ಕರ್ನಲ್ 5.7ರಿಂದ ಒಳ್ಳೆಯ ಬೆಂಬಲ ಇದೆ, ತಕರಾರು ಕಡಿಮೆ. ಎನ್‌ಟಿಎಫ್‌ಎಸ್ ತಕರಾರಿನ ಮನೆ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದು ಶಟ್‌ಡೌನ್ ಮಾಡಿದ ಮೇಲೆ ಕಿತ್ತ ಡಿಸ್ಕ್, ಅಥವಾ ಕಾಪಿ ನಡುವೆ ಕರೆಂಟ್ ಹೋಗಿ ಬಂದ ಡಿಸ್ಕ್, ‘ಡರ್ಟಿ’ ಎಂಬ ಗುರುತು ಹೊತ್ತು ಬರುತ್ತದೆ. ಕರ್ನಲ್ 5.15ರಿಂದ ಇರುವ ಎನ್-ಟಿ-ಎಫ್-ಎಸ್-3 ಚಾಲಕ ಅಂಥದ್ದನ್ನು ಮೌಂಟ್ ಮಾಡಲು ಒಪ್ಪುವುದಿಲ್ಲ. ಎನ್-ಟಿ-ಎಫ್-ಎಸ್-ಫಿಕ್ಸ್‌ಗೆ ಹೈಫನ್ ಡಿ ಕೊಟ್ಟು ಗುರುತು ಅಳಿಸಬಹುದು, ಆದರೆ ಅದು ಪೂರ್ತಿ ರಿಪೇರಿ ಅಲ್ಲ. ಗಿರಾಕಿಯ ಡಿಸ್ಕ್ ಆದರೆ ನಾನು ಅದನ್ನು ವಿಂಡೋಸ್ ಯಂತ್ರಕ್ಕೆ ಹಾಕಿ ಚೆಕ್‌ಡಿಸ್ಕ್ ಮಾಡಿಸಿ, ಶಿಫ್ಟ್ ಒತ್ತಿಹಿಡಿದು ಶಟ್‌ಡೌನ್ ಕೊಟ್ಟು ತರುತ್ತೇನೆ. ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ಅಂತ ಬಂದರೆ ಕೀಲಿ ಇಲ್ಲದೆ ಮುಂದೆ ಹೋಗಲಾಗದು. ಕೀಲಿ ಇದ್ದರೆ ಕ್ರಿಪ್ಟ್‌ಸೆಟಪ್ 2.3 ಅಥವಾ ಅದರ ಮೇಲಿನದು ತೆರೆಯುತ್ತದೆ.

ಫೈಲ್ ಸಿಸ್ಟಮ್ ಕಾಲಂ ಪೂರ್ತಿ ಖಾಲಿ ಇದ್ದರೆ ಡಬ್ಬಿ ಒಡೆದು ಒಳಗಿನ ಡಿಸ್ಕನ್ನು ನೇರ ಸಾಟಾಕ್ಕೆ ಹಾಕುವ ಆಸೆ ಆಗುತ್ತದೆ. ತಡೆಯಿರಿ. ಕೆಲವು ಮಾದರಿಗಳಲ್ಲಿ ಡಬ್ಬಿಯೊಳಗಿನ ಸಣ್ಣ ಬೋರ್ಡೇ ಡೇಟಾವನ್ನು ಗುಪ್ತಲಿಪಿ ಮಾಡುತ್ತದೆ, ಬೋರ್ಡ್ ಬಿಟ್ಟರೆ ಬರೀ ಕಸ ಕಾಣುತ್ತದೆ. ಮೊದಲು ಡಿಸ್ಕಿನ ಆರೋಗ್ಯ ಹೇಳುವ ಸ್ಮಾರ್ಟ್-ಸಿಟಿಎಲ್‌ಗೆ ಹೈಫನ್ ಎ ಕೊಟ್ಟು ನೋಡಿ. ಉತ್ತರ ಬರದಿದ್ದರೆ ಹೈಫನ್ ಡಿ, ಎಸ್-ಎ-ಟಿ ಸೇರಿಸಿ. 5, 197, 198ರ ಸಾಲುಗಳು ಕೆಟ್ಟ ಜಾಗಗಳ ಲೆಕ್ಕ, ಅವುಗಳ ಕೊನೆಯ ಅಂಕಿ ಸೊನ್ನೆ ಇರಬೇಕು. 197 ಏರಿದ್ದರೆ ರಿಪೇರಿ ಕಮಾಂಡ್ ಯಾವುದೂ ಬೇಡ, ಮೊದಲು ಡಿ-ಡಿ-ರೆಸ್ಕ್ಯೂನಿಂದ ಬೇರೆ ಡಿಸ್ಕಿಗೆ ನಕಲು ತೆಗೆಯಿರಿ. 199 ಏರುತ್ತಿದ್ದರೆ ದೋಷ ಬಹುತೇಕ ಸಂಪರ್ಕದಲ್ಲಿದೆ, ತಟ್ಟೆಯಲ್ಲಲ್ಲ. 194 ಶಾಖ. ಕೆಲವು ಪೋರ್ಟಬಲ್ ಡಿಸ್ಕ್‌ಗಳ ವಿವರಪತ್ರದಲ್ಲಿ ಸುತ್ತಲಿನ ಗಾಳಿ 35 ಡಿಗ್ರಿ ಮೀರಬಾರದು ಅಂತಿದೆ. ಮೇ ತಿಂಗಳಲ್ಲಿ 40 ದಾಟುವ ನಮ್ಮೂರಲ್ಲಿ ಡಿಸ್ಕನ್ನು ಯುಪಿಎಸ್ ತಲೆಯ ಮೇಲಿಟ್ಟು ಕಾಪಿ ಹಚ್ಚುವುದು ತಪ್ಪು. ಫ್ಯಾನ್ ಕೆಳಗೆ, ಬರಿ ಟೇಬಲ್ ಮೇಲೆ ಇಡಿ.

ಮೌಂಟ್ ಮಾಡಲು ಯು-ಡಿಸ್ಕ್ಸ್-ಸಿಟಿಎಲ್ ಮೌಂಟ್, ಹೈಫನ್ ಬಿ, ಆಮೇಲೆ ಪಾರ್ಟಿಷನ್ ವಿಳಾಸ (ಸ್ಲ್ಯಾಶ್ ಡಿ-ಇ-ವಿ ಸ್ಲ್ಯಾಶ್ ಎಸ್-ಡಿ-ಬಿ-1ರಂಥದ್ದು). ಸಾಕು. ಉಬುಂಟು, ಮಿಂಟ್‌ನಲ್ಲಿ ಅದು ಮೀಡಿಯಾ ಫೋಲ್ಡರ್‌ನ ಒಳಗೆ ನಿಮ್ಮ ಹೆಸರಿನಡಿ ಕೂರುತ್ತದೆ, ಫೆಡೋರಾದಲ್ಲಿ ರನ್ ಒಳಗಿನ ಮೀಡಿಯಾದಲ್ಲಿ. ಬಂದುಹೋಗುವ ಡಿಸ್ಕ್‌ಗಳನ್ನು ಎಫ್-ಎಸ್-ಟ್ಯಾಬ್‌ನಲ್ಲಿ (ಯಂತ್ರ ಶುರುವಾದಾಗ ತಾನೇ ಮೌಂಟ್ ಮಾಡುವ ಡಿಸ್ಕ್‌ಗಳ ಪಟ್ಟಿ) ಬರೆಯಬೇಡಿ. ಮನೆಯಲ್ಲೇ ಇರುವ ಬ್ಯಾಕಪ್ ಡಿಸ್ಕಿಗೆ ಮಾತ್ರ ಬರೆಯಿರಿ, ಅದೂ ಯು-ಯು-ಐ-ಡಿಯಿಂದ, ಜೊತೆಗೆ ‘ನೋಫೇಲ್’ ಸೇರಿಸಿ. ಅದನ್ನು ಮರೆತರೆ, ಡಿಸ್ಕ್ ಇಲ್ಲದ ದಿನ ಯಂತ್ರ 90 ಸೆಕೆಂಡ್ ಕಾದು ಎಮರ್ಜೆನ್ಸಿ ಮೋಡ್‌ಗೆ ಬೀಳುತ್ತದೆ.

ತೆಗೆಯುವಾಗಲೂ ಅವಸರ ಬೇಡ. ಪರದೆಯಲ್ಲಿ ಕಾಪಿ ಮುಗಿಯಿತು ಅಂದರೂ ಕೊನೆಯ ಒಂದಿಷ್ಟು ಡೇಟಾ ಇನ್ನೂ ರ‍್ಯಾಮ್‌ನಲ್ಲೇ ಇರುತ್ತದೆ. ಸಿಂಕ್ ಕೊಟ್ಟು ಪ್ರಾಂಪ್ಟ್ ವಾಪಸ್ ಬರುವ ತನಕ ಕಾಯಿರಿ, ಅನ್‌ಮೌಂಟ್ ಮಾಡಿ, ಯು-ಡಿಸ್ಕ್ಸ್-ಸಿಟಿಎಲ್ ಪವರ್-ಆಫ್ (ಈ ಪದದಲ್ಲಿ ಮಾತ್ರ ನಡುವಿನ ಗೆರೆ ಇರಲಿ), ಹೈಫನ್ ಬಿ ಕೊಡಿ. ಇಲ್ಲಿ ಪಾರ್ಟಿಷನ್ ಅಂಕಿ ಇಲ್ಲದೆ ಇಡೀ ಡಿಸ್ಕಿನ ಹೆಸರು. ತಟ್ಟೆಯ ಸದ್ದು ನಿಂತ ಮೇಲೆ ಕೇಬಲ್ ಕೀಳಿ.