ಯುಎಸ್‌ಬಿ ಗೇಮ್ ಕಂಟ್ರೋಲರ್ ನಿಜಕ್ಕೂ ಎಷ್ಟು ಕರೆಂಟು ಎಳೆಯುತ್ತದೆ: ಅಳೆದು ನೋಡಿದ ನನ್ನ ಅನುಭವ

ಹೊಸನಗರದ ಕಡೆ ಜೂನ್ ಕಳೆದು ಮಳೆ ಹಿಡಿದುಕೊಂಡಿತೆಂದರೆ, ಕಾಡಿನ ನಡುವೆ ಹಾದುಬರುವ ತಂತಿಯ ಮೇಲೆ ಎಲ್ಲಿ ಮರ ಬಿದ್ದರೂ ನಮ್ಮೂರಿಗೆ ಕರೆಂಟು ಇರುವುದಿಲ್ಲ, ಮತ್ತು ಲೈನ್‌ಮನ್‌ಗಳು ಆ ಮಳೆಯಲ್ಲೇ ಮರ ಕಡಿದು ತಂತಿ ಎಳೆದು ಕಟ್ಟುವವರೆಗೆ ಕೆಲವೊಮ್ಮೆ ಎರಡು ಮೂರು ದಿನಗಳೇ ಆಗುತ್ತವೆ. ಪೇಟೆಯಲ್ಲಿ ಯುಪಿಎಸ್ ಮತ್ತು ಇನ್ವರ್ಟರ್ ರಿಪೇರಿ ಮಾಡುವುದು ನನ್ನ ಉದ್ಯೋಗವಾದ್ದರಿಂದ, ಮನೆಯಲ್ಲಿ ಸೋಲಾರ್‌ಗೆ ಜೋಡಿಸಿದ 12 ವೋಲ್ಟಿನ, 40 ಆಂಪಿಯರ್-ಅವರ್‌ನ ಒಂದು ಬ್ಯಾಟರಿ ಮೊದಲಿನಿಂದಲೂ ಇದೆ. ಎರಡು ವರ್ಷದ ಹಿಂದೆ ಅಕ್ಕನ ಮಕ್ಕಳು ಮಳೆಗಾಲದಲ್ಲಿ ಬಂದು ಉಳಿದಾಗ, ಅದೇ ಬ್ಯಾಟರಿಯಿಂದ ರಾಸ್‌ಬೆರಿ ಪೈ 4 ಎಂಬ ಒಂದು ಪುಟ್ಟ ಕಂಪ್ಯೂಟರ್, 12 ವೋಲ್ಟಿನಲ್ಲೇ ನಡೆಯುವ ಒಂದು ಸಣ್ಣ ಟಿವಿ, ಮತ್ತು ನಾಲ್ವರು ಒಟ್ಟಿಗೆ ಆಡಲು ನಾಲ್ಕು ಯುಎಸ್‌ಬಿ ಕಂಟ್ರೋಲರ್‌ಗಳನ್ನು ನಡೆಸುವ ವ್ಯವಸ್ಥೆ ಮಾಡಲು ಹೊರಟೆ.

ಎಷ್ಟು ಹೊತ್ತು ನಡೆಯುತ್ತದೆ ಎಂಬ ಲೆಕ್ಕವನ್ನು ಮೊದಲು ಕಾಗದದ ಮೇಲೆ ಮಾಡಿದೆ. ಟಿವಿಗೆ 24 ವ್ಯಾಟ್, ಪೈಗೆ 6 ವ್ಯಾಟ್ ಎಂದು ಅಳೆದಿದ್ದೆ. ಕಂಟ್ರೋಲರ್‌ಗಳ ಲೆಕ್ಕವನ್ನು ಮಾತ್ರ ಅಳೆಯದೆ, ಪೈಯನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶದ ಎಲ್‌ಎಸ್‌ಯುಎಸ್‌ಬಿ ಆಜ್ಞೆ ತೋರಿಸುವ ಮ್ಯಾಕ್ಸ್‌ಪವರ್ ಎಂಬ ಸಾಲಿನಿಂದ ತೆಗೆದುಕೊಂಡೆ. ನಾಲ್ಕೂ ಕಂಟ್ರೋಲರ್‌ಗಳು 500 ಮಿಲಿಆಂಪಿಯರ್ ಎಂದೇ ಹೇಳುತ್ತಿದ್ದವು. 5 ವೋಲ್ಟಿಗೆ ಒಂದೊಂದೂ ಎರಡೂವರೆ ವ್ಯಾಟ್, ನಾಲ್ಕಕ್ಕೆ 10 ವ್ಯಾಟ್. ಅಂದರೆ 2 ಆಂಪಿಯರ್. ಪೈ 4ರ ನಾಲ್ಕು ಯುಎಸ್‌ಬಿ ಕಿಂಡಿಗಳಿಗೆ ಒಟ್ಟು ಸಿಗುವುದೇ 1.2 ಆಂಪಿಯರ್ ಆದ್ದರಿಂದ, ಈ ಲೆಕ್ಕದ ಪ್ರಕಾರ ನಾಲ್ಕು ಕಂಟ್ರೋಲರ್‌ಗಳನ್ನು ಅದಕ್ಕೆ ಜೋಡಿಸುವಂತೆಯೇ ಇರಲಿಲ್ಲ.

ಆ ಸಂಖ್ಯೆಯ ಅರ್ಥವೇನು ಎಂಬುದನ್ನು ನಾನು ಆಗ ಸರಿಯಾಗಿ ಗ್ರಹಿಸಿರಲಿಲ್ಲ. ಯುಎಸ್‌ಬಿ 2.0 ನಿಯಮದಲ್ಲಿ, ಸಾಧನವನ್ನು ಚುಚ್ಚಿದ ಕೂಡಲೇ ಅದು 100 ಮಿಲಿಆಂಪಿಯರ್‌ಗಿಂತ ಹೆಚ್ಚು ಎಳೆಯಬಾರದು. ತನಗೆ ಗರಿಷ್ಠ ಎಷ್ಟು ಬೇಕಾಗಬಹುದು ಎಂಬುದನ್ನು ಮೊದಲು ಕಂಪ್ಯೂಟರಿಗೆ ತಿಳಿಸಬೇಕು, ಕಂಪ್ಯೂಟರ್ ಒಪ್ಪಿದ ಮೇಲೆ 500ರವರೆಗೆ ಎಳೆಯಬಹುದು. ಮ್ಯಾಕ್ಸ್‌ಪವರ್ ಎಂಬುದು ಹೀಗೆ ಸಾಧನ ಮುಂಗಡವಾಗಿ ಕೇಳಿಕೊಳ್ಳುವ ಮಿತಿಯೇ ಹೊರತು ಅದು ಎಳೆಯುತ್ತಿರುವ ಕರೆಂಟಿನ ಅಳತೆಯಲ್ಲ. ತಯಾರಕರಿಗೆ ಕಡಿಮೆ ಬರೆದರೆ ತೊಂದರೆ, ಹೆಚ್ಚು ಬರೆದರೆ ಅಷ್ಟಾಗಿ ತೊಂದರೆಯಿಲ್ಲ. ಆದ್ದರಿಂದ ಎಲ್ಲರೂ 500 ಎಂದೇ ಬರೆದುಬಿಡುತ್ತಾರೆಂದು ನನಗನಿಸುತ್ತದೆ.

ಆಮೇಲೆ ಕಿಂಡಿ ಮತ್ತು ತಂತಿಯ ನಡುವೆ ಚುಚ್ಚುವ ಯುಎಸ್‌ಬಿ ಮೀಟರ್ ತರಿಸಿ ಒಂದೊಂದನ್ನೇ ಅಳೆದೆ. ಕಂಪಿಸುವ ಮೋಟಾರಿಲ್ಲದ, ಹೆಸರಿಲ್ಲದ ಅಗ್ಗದ ಪ್ಯಾಡ್ ಎಳೆದದ್ದು ಸುಮಾರು 20 ಮಿಲಿಆಂಪಿಯರ್. ಎಕ್ಸ್‌ಬಾಕ್ಸ್ 360ರ ತಂತಿ ಇರುವ ಎರಡು ಕಂಟ್ರೋಲರ್‌ಗಳು, ಮೋಟಾರು ಸುಮ್ಮನಿದ್ದಾಗ, ತಲಾ 50ರ ಆಸುಪಾಸು; ಗುಂಡಿಗಳನ್ನು ಎಷ್ಟೇ ಒತ್ತಿದರೂ ಈ ಅಂಕಿ ಹೆಚ್ಚು ಬದಲಾಗಲಿಲ್ಲ. ಎರಡೂ ಮೋಟಾರುಗಳು ಪೂರ್ತಿ ತಿರುಗಿದಾಗ ಅದು 230ರವರೆಗೆ ಏರಿತು. ನಾಲ್ಕನೆಯದು ಪ್ಲೇಸ್ಟೇಷನ್ 4ರ ಕಂಟ್ರೋಲರ್ ಆದ ಡ್ಯುಯಲ್‌ಶಾಕ್ 4. ಅದರೊಳಗೆ 1000 ಮಿಲಿಆಂಪಿಯರ್-ಅವರ್‌ನ ಬ್ಯಾಟರಿ ಇರುವುದರಿಂದ ಅದರ ಸ್ವಭಾವವೇ ಬೇರೆ. ಬ್ಯಾಟರಿ ಖಾಲಿಯಾಗಿದ್ದಾಗ ಮೀಟರ್ 450ರ ಹತ್ತಿರ ನಿಂತಿತು, ತುಂಬಿದ ಮೇಲೆ 100ಕ್ಕಿಂತ ಕೆಳಗಿಳಿಯಿತು. ಈ ಒಂದು ಕಂಟ್ರೋಲರ್ ಮಾತ್ರ ತಾನು ಹೇಳಿಕೊಂಡ ಸಂಖ್ಯೆಯ ಸಮೀಪಕ್ಕೆ ಬಂದದ್ದು, ಅದೂ ಆಟಕ್ಕಾಗಿ ಅಲ್ಲ, ಚಾರ್ಜ್ ಆಗುವುದಕ್ಕಾಗಿ.

ಬ್ಯಾಟರಿ ತುಂಬಿದ ಡ್ಯುಯಲ್‌ಶಾಕ್ ಸೇರಿ ನಾಲ್ಕೂ ಒಟ್ಟಿಗೆ ಸುಮಾರು 200 ಮಿಲಿಆಂಪಿಯರ್, ಅಂದರೆ 1 ವ್ಯಾಟ್. ಸೀಸದ ಬ್ಯಾಟರಿಯ 480 ವ್ಯಾಟ್-ಅವರ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡುವುದನ್ನು ನಾನು ಒಪ್ಪುವುದಿಲ್ಲ. ಉಳಿದ 240ನ್ನು ಕಾಗದದ ಲೆಕ್ಕದ ಒಟ್ಟು 40 ವ್ಯಾಟಿನಿಂದ ಭಾಗಿಸಿದರೆ ಆರು ತಾಸು, ಅಳೆದ ಲೆಕ್ಕದ 31ರಿಂದ ಭಾಗಿಸಿದರೆ ಏಳೂಮುಕ್ಕಾಲು ತಾಸು. 12 ವೋಲ್ಟನ್ನು 5ಕ್ಕೆ ಇಳಿಸುವ ಕನ್ವರ್ಟರ್‌ನಲ್ಲಿ ಆಗುವ ನಷ್ಟವನ್ನು ಕಳೆದರೂ, ಅಳೆಯದೆ ಬರೆದ ಒಂದು ಸಾಲಿನಿಂದ ಒಂದೂವರೆ ತಾಸಿನಷ್ಟು ವ್ಯತ್ಯಾಸ ಬರುತ್ತಿತ್ತು. ದೊಡ್ಡ ಬ್ಯಾಟರಿ ಕೊಳ್ಳುವ ಯೋಚನೆಯನ್ನು ಅಲ್ಲಿಗೇ ಬಿಟ್ಟೆ.

ಆದರೆ ಎಲ್ಲವನ್ನೂ ಜೋಡಿಸಿದ ಮೊದಲ ಸಂಜೆಯೇ ತೊಂದರೆ ಕಾಣಿಸಿಕೊಂಡಿತು. ಟಿವಿಯಿಂದ ಮಕ್ಕಳು ಕೂರುವ ಜಗಲಿಗೆ ದೂರವಿದ್ದುದರಿಂದ ನಾನು ಒಂದೂವರೆ ಮೀಟರಿನ ಎಕ್ಸ್‌ಟೆನ್ಷನ್ ತಂತಿ ಹಾಕಿ, ಅದರ ತುದಿಗೆ ಒಂದು ಕಿಂಡಿಯನ್ನು ನಾಲ್ಕಾಗಿಸುವ ಹಬ್ ಇಟ್ಟಿದ್ದೆ. ಆಟ ಚೆನ್ನಾಗಿಯೇ ನಡೆಯುತ್ತಿದ್ದು, ನಡುವೆ ಇದ್ದಕ್ಕಿದ್ದಂತೆ ನಾಲ್ಕೂ ಕಂಟ್ರೋಲರ್‌ಗಳು ಒಟ್ಟಿಗೆ ಸತ್ತು, ಮರುಕ್ಷಣ ಮತ್ತೆ ಜೀವ ಪಡೆಯುತ್ತಿದ್ದವು. ಹಬ್ ಕೆಟ್ಟಿದೆಯೆಂದೇ ನಾನು ತಿಳಿದೆ. ಅಕ್ಕನ ಎರಡನೆಯ ಮಗಳು, "ಮಾವ, ಗಾಡಿ ಗುದ್ದಿ ಕೈಯಲ್ಲಿ ಗುಡುಗುಡು ಅಂದಾಗ ಮಾತ್ರ ಹೀಗಾಗ್ತದೆ, ಬರೀ ಓಡಿಸುವಾಗ ಆಗೋದಿಲ್ಲ" ಎಂದು ಹೇಳಿದಳು. ದೋಷ ಇರುವ ಜಾಗವನ್ನು ಅವಳು ಅಷ್ಟು ಖಚಿತವಾಗಿ ತೋರಿಸಿಕೊಟ್ಟಿದ್ದಳು.

ಮೀಟರಿನಲ್ಲಿ ಮಾತ್ರ ಅದು ಕಾಣುತ್ತಿರಲಿಲ್ಲ, ಏಕೆಂದರೆ ಈ ಸಣ್ಣ ಮೀಟರ್‌ಗಳು ತೋರಿಸುವುದು ಸರಾಸರಿಯನ್ನು. ಕಣ್ಣೆವೆಯಿಕ್ಕುವಷ್ಟರಲ್ಲಿ ಬಂದು ಹೋಗುವ ಏರಿಕೆ ಅವಕ್ಕೆ ಸಿಗುವುದಿಲ್ಲ. ಶಿವಮೊಗ್ಗದಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವ ಗೆಳೆಯನಿಂದ, ವೋಲ್ಟೇಜಿನ ಕ್ಷಣಕ್ಷಣದ ಏರಿಳಿತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ತಂದು, ಐದು ವೋಲ್ಟಿನ ತಂತಿಯನ್ನು ಕತ್ತರಿಸಿ ನಡುವೆ 0.1 ಓಮ್‌ನ ರೆಸಿಸ್ಟರ್ ಹಾಕಿ, ಅದರ ಎರಡು ತುದಿಯ ವೋಲ್ಟೇಜನ್ನು ನೋಡಿದೆ. 100 ಮಿಲಿಆಂಪಿಯರ್‌ಗೆ 10 ಮಿಲಿವೋಲ್ಟಿನಂತೆ ಲೆಕ್ಕ ಸುಲಭ. ಎಕ್ಸ್‌ಬಾಕ್ಸ್ ಕಂಟ್ರೋಲರಿನ ಮೋಟಾರುಗಳು ನಿಂತ ಸ್ಥಿತಿಯಿಂದ ಏಳುವಾಗ, ಕೆಲವು ಹತ್ತು ಮಿಲಿಸೆಕೆಂಡುಗಳ ಕಾಲ ಕರೆಂಟು 400 ಮಿಲಿಆಂಪಿಯರನ್ನು ದಾಟಿ, ಆಮೇಲೆ 230ಕ್ಕೆ ಇಳಿದು ನಿಲ್ಲುತ್ತಿತ್ತು.

ಇದರ ಕಾರಣ ಅಡಿಕೆ ತೋಟಕ್ಕೆ ಪಂಪ್‌ಸೆಟ್ ಹಾಕಿಸಿದವರಿಗೆಲ್ಲ ಪರಿಚಿತವೇ. ಸ್ವಿಚ್ ಹಾಕಿದ ಕ್ಷಣ ಮನೆಯ ದೀಪ ಮಂಕಾಗಿ, ಪಂಪು ವೇಗ ಹಿಡಿದ ಮೇಲೆ ಮತ್ತೆ ಬೆಳಗುತ್ತದೆ. ಕಂಟ್ರೋಲರಿನೊಳಗೆ ಇರುವುದು ಒಂದು ಬದಿಗೆ ತೂಕ ಕಟ್ಟಿದ ಪುಟ್ಟ ಡಿಸಿ ಮೋಟಾರು. ನಿಂತಿರುವಾಗ ಕರೆಂಟನ್ನು ತಡೆಯಲು ಅದರ ಸುರುಳಿಯ ಅಲ್ಪ ರೋಧವೊಂದನ್ನು ಬಿಟ್ಟು ಬೇರೇನೂ ಇರುವುದಿಲ್ಲ, ತಿರುಗತೊಡಗಿದ ಮೇಲೆ ಮೋಟಾರೇ ಎದುರು ವೋಲ್ಟೇಜನ್ನು ಹುಟ್ಟಿಸಿ ಕರೆಂಟನ್ನು ತಗ್ಗಿಸುತ್ತದೆ. ಎರಡು ಗಾಡಿಗಳು ಗುದ್ದಿಕೊಂಡಾಗ ಎರಡೂ ಎಕ್ಸ್‌ಬಾಕ್ಸ್ ಕಂಟ್ರೋಲರ್‌ಗಳ ಮೋಟಾರುಗಳು ಏಕಕಾಲಕ್ಕೆ ಏಳುತ್ತವೆ. ಅದೇ ಹೊತ್ತಿಗೆ ಡ್ಯುಯಲ್‌ಶಾಕ್ ಚಾರ್ಜ್ ಆಗುತ್ತಿದ್ದರೆ ಒಟ್ಟು 1.3 ಆಂಪಿಯರ್‌ನ ಹತ್ತಿರ ಬರುತ್ತದೆ. ಪೈ ಕೊಡಬಲ್ಲದ್ದಕ್ಕಿಂತ ಅದು ಹೆಚ್ಚು.

ಅದಕ್ಕಿಂತ ದೊಡ್ಡ ತಪ್ಪು ಆ ಎಕ್ಸ್‌ಟೆನ್ಷನ್ ತಂತಿಯದು. ಅದರೊಳಗಿನ ಎಳೆ 28 ಗೇಜಿನದು. ಅಂತಹ ತಾಮ್ರಕ್ಕೆ ಮೀಟರಿಗೆ ಸುಮಾರು 0.21 ಓಮ್ ರೋಧವಿದೆ. ಹೋಗುವ ಎಳೆ, ಬರುವ ಎಳೆ ಎರಡೂ ಸೇರಿ ಮೂರು ಮೀಟರಾಗುವುದರಿಂದ 0.6 ಓಮ್‌ಗೂ ಹೆಚ್ಚು. 1.3 ಆಂಪಿಯರ್ ಹರಿದಾಗ ತಂತಿಯಲ್ಲೇ 0.8 ವೋಲ್ಟ್ ನಷ್ಟವಾಗಿ, ಹಬ್ಬಿಗೆ ತಲುಪುತ್ತಿದ್ದುದು 4.2 ವೋಲ್ಟ್ ಮಾತ್ರ. ಅಷ್ಟಕ್ಕೆ ಹಬ್ಬಿನ ಚಿಪ್ ರೀಸೆಟ್ ಆಗುತ್ತಿತ್ತು, ಅದರೊಡನೆ ನಾಲ್ಕೂ ಕಂಟ್ರೋಲರ್‌ಗಳು ಹೋಗುತ್ತಿದ್ದವು. ಅದಕ್ಕಿಂತ ದಪ್ಪನೆಯ 24 ಗೇಜಿನ ತಂತಿ ಹಾಕಿದಾಗ ಇದೇ ನಷ್ಟ ಸುಮಾರು ಶೇಕಡ 40ರಷ್ಟಕ್ಕೆ ಇಳಿಯಿತು.

ಹಬ್ಬಿನ ವಿಷಯದಲ್ಲಿ ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಮೊದಲ ಹಬ್ ಕೆಟ್ಟಿದೆಯೆಂದು ಭಾವಿಸಿ ನಾನು ಹೆಚ್ಚು ಬೆಲೆಯ ಎರಡನೆಯದನ್ನು ತರಿಸಿದ್ದೆ. ಅದಕ್ಕೆ ಕಂಟ್ರೋಲರ್ ಚುಚ್ಚಿದರೆ ದೀಪವೇ ಹತ್ತಲಿಲ್ಲ. ಬಸ್ ಪವರ್ (ಯುಎಸ್‌ಬಿ ತಂತಿಯಿಂದಲೇ ಸಿಗುವ ಕರೆಂಟು) ಸಾಲದೆಂದು ಕಾನ್ಫಿಗರೇಷನ್ (ಸಾಧನ ಕೆಲಸ ಮಾಡಲು ಕೇಳುವ ಹೊಂದಾಣಿಕೆ) ತಿರಸ್ಕರಿಸಲಾಗಿದೆ ಎಂಬ ಅರ್ಥದ ಸಾಲು ಲಿನಕ್ಸ್‌ನ ದಾಖಲೆಯಲ್ಲಿ ಬಂದಿತ್ತು. ಆ ಹಬ್ ಸರಿಯಾಗಿಯೇ ಇತ್ತು. ಸ್ವಂತ ಅಡಾಪ್ಟರ್ ಇಲ್ಲದ ಹಬ್ ಒಂದು ಕಿಂಡಿಗೆ 100 ಮಿಲಿಆಂಪಿಯರ್ ಮಾತ್ರ ಕೊಡಬೇಕು; ಅದು ತನ್ನ ಸ್ಥಿತಿಯನ್ನು ನಿಜವಾಗಿ ತಿಳಿಸಿತು, ಕಂಟ್ರೋಲರ್ 500 ಕೇಳಿತು, ಲಿನಕ್ಸ್ ನಿರಾಕರಿಸಿತು. ಮೊದಲಿನ ಅಗ್ಗದ ಹಬ್ ತನಗೆ ಸ್ವಂತ ಪವರ್ ಇದೆಯೆಂದು ಸುಳ್ಳು ಹೇಳಿದ್ದರಿಂದ ಎಲ್ಲವೂ ನಡೆದಂತೆ ಕಂಡಿತ್ತು. ಇಂತಹ ಹಬ್‌ಗಳು ಮಾರುಕಟ್ಟೆಯಲ್ಲಿ ಬಹಳ ಇವೆ. ಸಾಧನಗಳ ಹೊಂದಾಣಿಕೆಗಳನ್ನು ಫೈಲುಗಳಂತೆ ತೋರಿಸುವ, ಲಿನಕ್ಸ್‌ನ ಸಿಸ್‌ಎಫ್‌ಎಸ್‌ನಲ್ಲಿ ಆ ಸಾಧನದ ಕಾನ್ಫಿಗರೇಷನ್ ಸಂಖ್ಯೆಯನ್ನು ಕೈಯಾರೆ 1 ಎಂದು ಬರೆದರೆ ಲಿನಕ್ಸ್ ಒಪ್ಪಿಕೊಳ್ಳುತ್ತದೆ. 20 ಮಿಲಿಆಂಪಿಯರ್ ಎಳೆಯುವ ಪ್ಯಾಡಿಗೆ ಹಾಗೆ ಮಾಡುವುದು ಸರಿಯೆಂದೇ ನನ್ನ ಅಭಿಪ್ರಾಯ, ಆದರೆ ಅಳೆದ ಮೇಲೆ ಮಾತ್ರ, ಮತ್ತು ಮೋಟಾರು ಇರುವುದಕ್ಕೆ ಖಂಡಿತ ಅಲ್ಲ.

ಕೊನೆಗೆ ಆ ಎರಡನೆಯ ಹಬ್ಬಿಗೇ ಸ್ವಂತ ಪವರ್ ಕೊಟ್ಟೆ. 12 ವೋಲ್ಟನ್ನು 5ಕ್ಕೆ ಇಳಿಸುವ 3 ಆಂಪಿಯರಿನ ಬಕ್ ಕನ್ವರ್ಟರನ್ನು ಜಗಲಿಯ ಬಳಿಯೇ ಇಟ್ಟು, ಅಲ್ಲಿಂದ ಒಂದು ಗೇಣು ಉದ್ದದ ದಪ್ಪ ತಂತಿಯಲ್ಲಿ ಹಬ್ಬಿನ ಅಡಾಪ್ಟರ್ ಕಿಂಡಿಗೆ ಕೊಟ್ಟಿದ್ದೇನೆ. ದೂರ ಹೋಗಬೇಕಾದ ಪವರನ್ನು 12 ವೋಲ್ಟಿನಲ್ಲಿ ಕಳಿಸಿದರೆ ಕರೆಂಟು ಅರ್ಧಕ್ಕಿಂತ ಕಡಿಮೆಯಾಗಿ ತಂತಿಯ ನಷ್ಟವೂ ತಗ್ಗುತ್ತದೆ. ಪೈಯಿಂದ ಬರುವ ಯುಎಸ್‌ಬಿ ತಂತಿಗೆ ಈಗ ಡೇಟಾದ ಕೆಲಸ ಮಾತ್ರ. ಮೋಟಾರು ಇರುವ ಮೂರು ಕಂಟ್ರೋಲರ್‌ಗಳೂ ಒಟ್ಟಿಗೆ ಕಂಪಿಸಿದಾಗ ಹಬ್ಬಿನಲ್ಲಿ ಅಳೆದರೆ ವೋಲ್ಟೇಜು 4.9ರ ಕೆಳಗೆ ಇಳಿಯುವುದಿಲ್ಲ.

ಹೀಗೆ ಮಾಡಿದ ಮೇಲೆ ಒಂದು ಹೊಸ ಸೋರಿಕೆ ಹುಟ್ಟಿಕೊಂಡಿತು. ಪೈಯನ್ನು ಆರಿಸಿದರೂ ಹಬ್ಬಿಗೆ ಕರೆಂಟು ಬರುತ್ತಲೇ ಇರುವುದರಿಂದ, ಡ್ಯುಯಲ್‌ಶಾಕ್ ರಾತ್ರಿಯಲ್ಲೂ ಚಾರ್ಜ್ ಆಗುತ್ತಿತ್ತು. ಅದು ಪೂರ್ತಿ ತುಂಬಲು ಬೇಕಾಗುವುದು ಐದು ವ್ಯಾಟ್-ಅವರ್‌ನಷ್ಟೇ, ಆದರೆ ಮೂರನೆಯ ದಿನವೂ ಬಿಸಿಲು ಕಾಣದ ಆಷಾಢದ ಮಳೆಯಲ್ಲಿ ನಾನು ಅದನ್ನೂ ಲೆಕ್ಕಕ್ಕೆ ಹಿಡಿಯುತ್ತೇನೆ. ಕನ್ವರ್ಟರಿನ 12 ವೋಲ್ಟಿನ ಬದಿಗೆ ಒಂದು ಸ್ವಿಚ್ ಹಾಕಿದ್ದೇನೆ, ಮಲಗುವ ಮೊದಲು ಅದನ್ನು ಆರಿಸುವ ಕೆಲಸವನ್ನು ಅಕ್ಕನ ಎರಡನೆಯ ಮಗಳು ವಹಿಸಿಕೊಂಡಿದ್ದಾಳೆ.